ಶಮೀಮ್ ಆಪಾ ಇಟ್ಟ ಹತ್ತಿ

ಹತ್ತಿಯ ಉಂಡೆಗೆ ಲ್ಯಾವೆಂಡರ್ ಎಣ್ಣೆ ಹನಿಸಿ, ದಿಂಬಿನ ಮೂಲೆಗೆ ಪಿನ್ ಹಾಕಿ ಸಿಕ್ಕಿಸಿದ ಮೇಲೆ ಶಮೀಮ್ ಆಪಾ ಒಮ್ಮೆಯೂ ಮೂಸಿ ನೋಡುತ್ತಿರಲಿಲ್ಲ. ನಮ್ಮ ಮುಖವನ್ನೇ ದಿಟ್ಟಿಸಿ, "ಬಂತಾ ಬೇಟಿ?" ಎನ್ನುತ್ತಿದ್ದರು. ನಾವು ಹೂಂ ಅಂದರೆ ಸಾಕು, ತಾವೇ ಹೆತ್ತು ಹಗುರಾದವರಂತೆ ಉಸಿರು ಬಿಡುತ್ತಿದ್ದರು.

ಹಲಸೂರಿನ ಒಂದು ಹೆರಿಗೆ ಆಸ್ಪತ್ರೆಯಲ್ಲಿ ಅವರು ಹಿರಿಯ ನರ್ಸ್. ಶಿವಾಜಿನಗರದಲ್ಲಿ ಅತ್ತರು ಮಾರುವವರ ಮನೆಯ ಮಗಳು. ಸಿಸೇರಿಯನ್ ಆಗಿ ನಾನು ಅಲ್ಲಿ ಮಲಗಿದ್ದಾಗ ಹೊಟ್ಟೆ ತೊಳಸುತ್ತಿತ್ತು. ವಾಂತಿ ಬಂದರೆ ಹೊಲಿಗೆ ಬಿಚ್ಚಿಹೋಗುತ್ತದೇನೋ ಎಂಬ ಹೆದರಿಕೆ ಬೇರೆ. "ನೋವಿಗೆ ಡಾಕ್ಟರ್ ಇಂಜೆಕ್ಷನ್ ಕೊಡ್ತಾರೆ. ಇದು ಹೆದ್ರಿಕೆಗೆ," ಎಂದು ಆಪಾ ಹತ್ತಿ ಸಿಕ್ಕಿಸಿದರು. ಡಾಕ್ಟರ ಒಪ್ಪಿಗೆಯೂ ಇತ್ತು. ಒಪ್ಪದವಳು ನನ್ನ ಅಮ್ಮ ಒಬ್ಬಳೇ.

"ಹಸೀ ಬಾಣಂತಿಗೆ ಸೆಂಟ್ ಹಾಕ್ತಾರೇನ್ರೀ? ಗಾಳಿ ಸೋಕುತ್ತೆ," ಎಂದು ರೇಗಿದಳು.

ಆಪಾ ನಕ್ಕರು. "ಗಾಳಿ ಬಂದ್ರೆ ನನ್ನ ದಾಟ್ಕೊಂಡೇ ಬರ್ಬೇಕಲ್ಲಮ್ಮಾ. ನಾನು ಬಿಡಲ್ಲ."

ಅಮ್ಮ ಅತ್ತ ಹೋದ ಮೇಲೆ ನನಗೊಬ್ಬಳಿಗೇ ಗುಟ್ಟು ಹೇಳಿದರು. ಒಂದು ಜ್ವರ ಬಂದುಹೋದ ಮೇಲೆ ಅವರ ಮೂಗು ಸತ್ತಿತ್ತು, ಯಾವ ವಾಸನೆಯೂ ತಿಳಿಯುತ್ತಿರಲಿಲ್ಲ. ಅತ್ತರಿಲ್ಲ, ಫಿನಾಯಿಲ್ ಇಲ್ಲ, ಒಲೆಯ ಮೇಲೆ ಸೀದ ಹಾಲೂ ಇಲ್ಲ. "ಅತ್ತರು ಮನೆ ಹುಡುಗಿ, ನೋಡು ನನ್ನ ಹಣೆಬರಹ. ಯಾರಿಗೂ ಹೇಳ್ಬೇಡ, ವಾರ್ಡ್ ಬಿಡಿಸ್ಬಿಡ್ತಾರೆ. ಈ ಮಕ್ಳು ಬಿಟ್ರೆ ನಂಗೆ ಯಾರಿದಾರೆ?"

ಆಪಾಗೆ ಇನ್ನೊಂದು ಕೆಲಸವಿತ್ತು. ಮೊಹಲ್ಲಾದಲ್ಲಿ ಹೆಂಗಸರು ತೀರಿಕೊಂಡರೆ ಮೈ ತೊಳೆಯಲು ಅವರನ್ನೇ ಕರೆಯುತ್ತಿದ್ದರು. ಶವಕ್ಕೆ ಸುತ್ತುವ ಕಫನ್ನಿನ ಬಟ್ಟೆಗೆ ಹಚ್ಚುವ ಕರ್ಪೂರದ ಎಣ್ಣೆಯ ಸೀಸೆಯೂ ಅವರ ಚೀಲದಲ್ಲೇ ಇರುತ್ತಿತ್ತು. ಮರುದಿನ ಬೆಳಿಗ್ಗೆ ಅಂಥ ಒಂದು ಮನೆಯಿಂದ ನೇರ ಡ್ಯೂಟಿಗೆ ಬಂದವರು ನನಗೂ, ಪಕ್ಕದ ಮಂಚದಲ್ಲಿ ನಿದ್ದೆ ಹೋಗಿದ್ದ ನಾಜಿಯಾಗೂ ಹೊಸ ಹತ್ತಿ ಸಿಕ್ಕಿಸಿದರು. ನನಗೆ ಬಂದದ್ದು ಕರ್ಪೂರದ ವಾಸನೆ. ಇವತ್ತು ಬೇರೆ ಎಣ್ಣೆ ಇರಬೇಕೆಂದುಕೊಂಡೆ. ಮನೆಯಲ್ಲಿ ಮಂಗಳಾರತಿ ಬೆಳಗಿದ ಹಾಗೆ ಹಿತವಾಗಿತ್ತು. ಹೂಂ ಅಂದು ಕಣ್ಣು ಮುಚ್ಚಿದೆ.

ಎಚ್ಚರವಾದದ್ದು ನಾಜಿಯಾಳ ಅತ್ತೆಯ ಚೀರಾಟಕ್ಕೆ. "ಯಾ ಅಲ್ಲಾ, ಮಯ್ಯತ್ ವಾಸ್ನೆ! ಹೆಣಕ್ಕೆ ಹಾಕೋದನ್ನ ನನ್ ಸೊಸೆ ತಲೆ ಹತ್ರ ಇಟ್ಟಿದಾರೆ!" ಹತ್ತಿಯನ್ನು ಕಿತ್ತೆಸೆದರು. ಡಾಕ್ಟರ್ ಓಡಿ ಬಂದು, ಹಸುಗೂಸುಗಳ ಹತ್ತಿರ ಕರ್ಪೂರ ತರಲೇಬಾರದೆಂದು ಕೂಗಾಡಿದರು. ಕಿಟಕಿ ತೆರೆಸಿ ಮಕ್ಕಳನ್ನು ಪರೀಕ್ಷಿಸಿದರು. ಪುಣ್ಯಕ್ಕೆ ಏನೂ ಆಗಿರಲಿಲ್ಲ.

ಆಗ ಬಾಯಿ ಬಿಟ್ಟವಳು ನನ್ನ ಅಮ್ಮ. "ಅವರನ್ನ ಬೈಬೇಡಿ ಡಾಕ್ಟ್ರೇ. ನಾನೇ ಕರ್ಪೂರ ಕೊಟ್ಟು ಹಾಕಿಸ್ದೆ. ನಮ್ಮಲ್ಲಿ ಅದು ದೇವ್ರಿಗೆ."

ಆಪಾ ತಲೆ ಅಲ್ಲಾಡಿಸಿದರು. "ಸುಳ್ಳು ಬೇಡಮ್ಮಾ. ಡಾಕ್ಟ್ರೇ, ನಂಗೆ ವಾಸ್ನೆನೇ ಬರಲ್ಲ. ಇವತ್ತು ಹತ್ತಿ, ನಾಳೆ ಇನ್ನೇನೋ. ನನ್ನ ಈ ವಾರ್ಡಿಂದ ತೆಗೀರಿ."

ನನಗೆ ಸಂಕಟ ತಡೆಯಲಾಗಲಿಲ್ಲ, ಅತ್ತರೆ ಹೊಲಿಗೆ ನೋಯುತ್ತದೆಂದು ತುಟಿ ಕಚ್ಚಿಕೊಂಡೆ.

ಆ ಬೆಳಿಗ್ಗೆ ಯಾರ ಮೈ ತೊಳೆದು ಬಂದಿರಿ ಎಂದು ಆಮೇಲೆ ಆಪಾರನ್ನು ಕೇಳಬಾರದಿತ್ತು, ಕೇಳಿದೆ. "ನಿನ್ನ ವಯಸ್ಸೇ ಬೇಟಿ," ಎಂದರು, ಅಷ್ಟೇ. ಈಗಲೂ ಕಗ್ಗದಾಸಪುರದ ನಮ್ಮ ಮನೆಯಲ್ಲಿ ಆರತಿ ಬೆಳಗಿದಾಗ, ನಾನು ಎಂದೂ ಕಾಣದ ಆ ಹೆಂಗಸು ಪಕ್ಕದಲ್ಲಿ ಬಂದು ನಿಂತಂತಾಗುತ್ತದೆ. ಅವಳ ಪಾಲಿನ ಪರಿಮಳದಲ್ಲಿ ನಾನು ನಿದ್ದೆ ಮಾಡಿದ್ದೆ. ಮಗಳು ಆರತಿ ತಟ್ಟೆಗೆ ಕೈ ಚಾಚಿದರೆ ಹಿಂದಕ್ಕೆ ಎಳೆದುಕೊಳ್ಳುತ್ತೇನೆ. ಅಮ್ಮನಿಗೆ ಇದನ್ನೆಲ್ಲ ಹೇಳಲು ಹೋಗಿಲ್ಲ.

ಆಪಾರನ್ನು ಹುಡುಕಿಕೊಂಡು ಒಮ್ಮೆ ಶಿವಾಜಿನಗರಕ್ಕೆ ಹೋಗಿದ್ದೆ. ಮನೆ ಬಿಟ್ಟು ಹೋಗಿದ್ದರು, ಎಲ್ಲಿಗೆಂದು ಯಾರಿಗೂ ಗೊತ್ತಿರಲಿಲ್ಲ. ನಾನು ಅವರನ್ನು ಕಡೆಯ ಸಲ ನೋಡಿದ್ದು ಡಿಸ್ಚಾರ್ಜ್ ಆದ ದಿನ. ಅವರಿಗೂ ಆ ವಾರ್ಡಿನಲ್ಲಿ ಅದೇ ಕಡೆಯ ದಿನ. ಬುರ್ಖಾ ತೊಟ್ಟು ಹೊರಟವರು ನನ್ನ ಮಂಚದ ಹತ್ತಿರ ಬಂದು ಮಗುವನ್ನು ಎತ್ತಿಕೊಂಡರು. ನೆತ್ತಿಗೆ ಮೂಗಿಟ್ಟು ಉದ್ದಕ್ಕೆ ಉಸಿರೆಳೆದರು. ಮತ್ತೊಮ್ಮೆ ಎಳೆದರು.

"ಹೇಗಿದೆ ಬೇಟಿ ವಾಸ್ನೆ? ನೀನು ಹೇಳು."

"ಹಾಲಿನ ವಾಸನೆ ಆಪಾ. ಆಗ ತಾನೇ ಇಸ್ತ್ರಿ ಹಾಕಿದ ಬಟ್ಟೆ ಥರಾನೂ ಇದೆ. ಕಿವಿ ಹಿಂದೆ ಸ್ವಲ್ಪ ಹುಳಿ."

ಕಣ್ಣು ಮುಚ್ಚಿ ಕೇಳಿಸಿಕೊಂಡರು. "ಇನ್ನೂ ಹೇಳು," ಎಂದರು.

ನನಗೆ ತಿಳಿದಷ್ಟು ಹೇಳಿದೆ. ಹೇಳುವುದೆಲ್ಲ ಮುಗಿದ ಮೇಲೂ ಅವರು ಮೂಗು ತೆಗೆಯಲಿಲ್ಲ. ಕೊನೆಗೆ ಅಮ್ಮನೇ ಎದ್ದು ಹೋಗಿ, ಒಂದೊಂದೇ ಬೆರಳು ಬಿಡಿಸಿ, ಮಗುವನ್ನು ತೆಗೆದುಕೊಂಡಳು.