ದೊಡ್ಡವ್ವನ ಹೆಬ್ಬೆರಳು

ದೊಡ್ಡವ್ವನ ಬಲಗಾಲಿನ ಹೆಬ್ಬೆರಳು ಒಂದು ಗಳಿಗೆಯೂ ಸುಮ್ಮನಿರುತ್ತಿರಲಿಲ್ಲ. ರೊಟ್ಟಿ ಬಡಿಯುವಾಗ, ನಳದ ಸಾಲಿನಲ್ಲಿ ನಿಂತಾಗ, ಭಜನೆಗೆ ಕೂತಾಗ ಕೂಡ ಅದು ನೆಲ ಕುಟ್ಟುತ್ತಲೇ ಇರುತ್ತಿತ್ತು. ಕಟ್ಟಡದ ಕೆಲಸದಲ್ಲಿ ಎಂದೋ ಇಟ್ಟಿಗೆ ಬಿದ್ದು ಉಗುರು ಚಪ್ಪಟೆಯಾಗಿತ್ತು, ಆದರೂ ಅದಕ್ಕೆ ದಣಿವಿಲ್ಲ. “ಸುಮ್ನ ಕುಂತ್ರ ಮನಷ್ಯಾಗೂ ಒರಲಿ ಹತ್ತತೈತಿ” ಎನ್ನುತ್ತಿದ್ದರು.

ಅವರು ನಮಗೆ ರಕ್ತಸಂಬಂಧವಲ್ಲ. ಮೋತಿ ಡೊಂಗರ್ ಗುಡ್ಡದ ಮೇಲೆ ನಮ್ಮ ಗೋಡೆಗೆ ಗೋಡೆ ಹತ್ತಿದ ಮನೆಯವರು. ಬಿಜಾಪುರದ ಕಡೆಯಿಂದ ದುಡಿಯಲು ಬಂದ ನಮ್ಮ ಓಣಿಗೆಲ್ಲ ಅವರೇ ಹಿರಿಯರು. ಹಬ್ಬದ ದಿನ ಎಲ್ಲರೂ ಅವರ ಕಾಲಿಗೆ ಹಣೆ ಹಚ್ಚುತ್ತಿದ್ದೆವು. ಆಗಲೂ ಆ ಹೆಬ್ಬೆರಳು ಅಲುಗಾಡಿ ಹಣೆಗೆ ಬಡಿಯುತ್ತಿತ್ತು.

ಅವರಿಗೂ ನನ್ನ ಅವ್ವನಿಗೂ ಸಕ್ಕರೆ ಕಾಯಿಲೆ. ಗುಡ್ಡದ ಕೆಳಗಿನ ಧರ್ಮಾರ್ಥ ದವಾಖಾನೆಯಲ್ಲಿ ತಿಂಗಳಿಗೊಮ್ಮೆ ಸಕ್ಕರೆಯವರನ್ನೆಲ್ಲ ಒಟ್ಟಿಗೆ ಟಿವಿಯ ಮುಂದೆ ಕೂರಿಸುತ್ತಿದ್ದರು. ಪಣಜಿಯ ಡಾಕ್ಟರು ಅದರಲ್ಲಿ ಕಾಣಿಸಿಕೊಂಡು, ಟಿವಿಯ ಮೇಲಿನ ಕ್ಯಾಮೆರಾದಿಂದ ನಮ್ಮನ್ನು ನೋಡುತ್ತ, ಹಿಂದಿಯಲ್ಲಿ ಒಬ್ಬೊಬ್ಬರನ್ನೇ ವಿಚಾರಿಸುತ್ತಿದ್ದರು. ಅದನ್ನು ನಾನು ಕನ್ನಡದಲ್ಲಿ ಹೇಳಬೇಕು, ಮಧ್ಯಾಹ್ನದ ಪಾಳಿಗೆ ಸಾಂಕೋಲೆಯ ಫ್ಯಾಕ್ಟರಿಯನ್ನೂ ಮುಟ್ಟಬೇಕು. ಗಡಿಯಾರ ನೋಡಿ ನೋಡಿ ನನಗೆ ಕತ್ತು ನೋಯುತ್ತಿತ್ತು. ಅವ್ವ ಮಾತ್ರ ಟಿವಿಗೆ ಕೈಮುಗಿದು, ತಲೆ ತುಂಬ ಸೆರಗು ಹೊದ್ದು, ದೇವರ ಮುಂದೆ ಕೂತಂತೆ ಕೂರುತ್ತಿದ್ದಳು.

ಒಂದು ಮಳೆಗಾಲ ಅವ್ವ ಕುಂಟತೊಡಗಿದಳು. ಕೇಳಿದರೆ “ಹೊಸಾ ಚಪ್ಪಲಿ ಕಡದೈತಿ” ಎಂದು ನನ್ನ ಬಾಯಿ ಮುಚ್ಚಿಸುತ್ತಿದ್ದಳು. ಆ ತಿಂಗಳು ಡಾಕ್ಟರು, ಸಕ್ಕರೆಯವರ ಕಾಲಿನ ಹುಣ್ಣು ನೋವೇ ಕೊಡದೆ ಒಳಗೊಳಗೇ ತಿನ್ನುತ್ತದೆ, ಎಲ್ಲರೂ ಅಂಗಾಲು ಎತ್ತಿ ತೋರಿಸಿ ಎಂದರು. ನಾನು ಹೇಳಿದ್ದೇ ತಡ, ಇದ್ದ ಕಾಲುಗಳೆಲ್ಲ ಕುರ್ಚಿಯ ಕೆಳಗೆ ಸರಿದವು.

“ಡಾಕ್ಟರ್ ಸಾಹೇಬ್ರ ಮಾರಿಗೆ ಕಾಲು ಎತ್ತೂದಾ? ಪಾಪ ಹತ್ತತೈತಿ,” ಎಂದಳು ಅವ್ವ.

“ಅದು ಟಿವಿ ಐತಿ ಬೇ,” ಎಂದೆ.

“ಟಿವ್ಯಾಗ ಅವರ ಮಾರಿ ಐತ್ಯೋ ಇಲ್ಲೋ?”

ಎಲ್ಲರೂ ಅವ್ವನ ಪರ. ಕಾಲು ಚಲೋ ಅದಾವ ಅಂತ ಹೇಳಿಬಿಡು ಎಂದು ನನಗೇ ತಾಕೀತು. ಅತ್ತ ಡಾಕ್ಟರು ಕಾಯುತ್ತಿದ್ದರು, ಇತ್ತ ನನಗೆ ಮೈಯೆಲ್ಲ ಉರಿ. ಪಕ್ಕದಲ್ಲಿ ಟಪಟಪ ಕುಟ್ಟುತ್ತಿದ್ದ ದೊಡ್ಡವ್ವನ ಹೆಬ್ಬೆರಳು ತಟ್ಟನೆ ನಿಂತಿತು.

ಅವರು ಕುರ್ಚಿಯನ್ನು ದರದರ ಎಳೆದು ಟಿವಿಯ ಎದುರು ಕೂತರು. ಎರಡೂ ಕೈಯಿಂದ ಹಿಮ್ಮಡಿ ಹಿಡಿದು, ನಾವೆಲ್ಲ ಹಣೆ ಹಚ್ಚುವ ಆ ಕಾಲನ್ನು ನೇರ ಡಾಕ್ಟರ ಮುಖಕ್ಕೆ ಎತ್ತಿದರು.

“ಪಾಪ ಹತ್ತೂದಿದ್ರ ಮೊದ್ಲ ನನಗ ಹತ್ಲಿ,” ಎಂದು ಅವ್ವನ ಕಡೆ ತಿರುಗಿದರು. “ನಳದ ಹಂತ್ಯಾಕ ನೀ ಕಾಲು ತೊಳಿಯೂ ಮುಂದ ನಾ ನೋಡೀನಿ. ವಾಸನಿ ಬರಾಕತ್ತೈತಿ. ಈಗ ಎತ್ತು.”

ಅವ್ವ ಅಳುತ್ತ ಎತ್ತಿದಳು. ಕಿರುಬೆರಳ ಸಂದಿಯೆಲ್ಲ ಕಪ್ಪಾಗಿತ್ತು. ಡಾಕ್ಟರು ಮುಂದಕ್ಕೆ ಬಾಗಿ, ಇವತ್ತೇ ದೊಡ್ಡಾಸ್ಪತ್ರೆಗೆ ಸೇರಿಸಿ ಎಂದರು. ಬೆರಳು ಹೋಯಿತು, ಕಾಲು ಉಳಿಯಿತು. ಇನ್ನಷ್ಟು ತಡವಾಗಿದ್ದರೆ ಮೊಣಕಾಲಿನತನಕ ತೆಗೆಯಬೇಕಾಗುತ್ತಿತ್ತು ಎಂದು ಅಲ್ಲಿಯವರು ಹೇಳಿದರು.

ಆಮೇಲೆ ಪ್ರತಿ ತಿಂಗಳೂ ದೊಡ್ಡವ್ವನದೇ ಮೊದಲ ಕಾಲು. “ಸಾಹೇಬ್ರ, ದರ್ಶನ ತಗೋರಿ” ಎನ್ನುತ್ತಿದ್ದರು. ಅದನ್ನು ಮಾತ್ರ ನಾನು ಹಿಂದಿಯಲ್ಲಿ ಹೇಳುತ್ತಿರಲಿಲ್ಲ.

ಎರಡು ವರ್ಷದ ಮೇಲೆ ಅವರು ನಳದ ಸಾಲಿನಲ್ಲೇ ಎದೆ ಹಿಡಿದುಕೊಂಡು ಕುಸಿದರು, ಏಳಲಿಲ್ಲ. ಪದ್ಧತಿಯಂತೆ ಕಾಲಿನ ಎರಡೂ ಹೆಬ್ಬೆರಳು ಸೇರಿಸಿ ಕಟ್ಟಲು ದಾರ ತಂದರು. ಅವ್ವ ತನ್ನೆರಡೂ ಕಾಲ ಮೇಲೆ ನಡೆದು ಬಂದು, ಆ ಕಾಲಿಗೆ ಹಣೆ ಹಚ್ಚಿದಳು. ಆಮೇಲೆ ದಾರ ಹಿಡಿದವನಿಗೆ ಹೇಳಿದಳು:

“ಭಾಳ ಬಿಗಿ ಕಟ್ಟಬ್ಯಾಡಪಾ. ಆಕಿಗೆ ಸುಮ್ನ ಇರಾಕ ಬರಂಗಿಲ್ಲ.”