ಪಕೀರಪ್ಪನ ಟೇಪಿಗೆ ಹೊಸ ಹೆಡ್ಡು

ಗಂಡ ಪಕೀರಪ್ಪ ತೀರಿಕೊಂಡ ಮೇಲೆ ಗೋಪಮ್ಮನಿಗೆ ಉಳಿದದ್ದು ಅವನ ಹಾಡಿನ ಸೆಟ್ಟು. ಶಕ್ತಿನಗರದಲ್ಲಿ ಕರೆಂಟಿನ ಕಾರ್ಖಾನೆ ಕಟ್ಟುವಾಗ ಕೂಲಿ ಮಾಡಿ ಮಾನ್ವಿಗೆ ತಂದದ್ದು. ಒಂದು ಟೇಪು, ಒಂದು ಆಂಪ್ಲಿಫೈಯರು, ಮಣ್ಣಿನ ಗಡಿಗೆಯ ಬಾಯಿಗೆ ಕೂರಿಸಿದ ಸ್ಪೀಕರು. ನೀರಮಾನ್ವಿಯ ಭಜನೆಯಲ್ಲಿ ತುಂಬಿಸಿಕೊಂಡ ಕ್ಯಾಸೆಟ್ಟು ಒಂದೇ. ಅವನ ದನಿ ಅದರಲ್ಲಿತ್ತು. ಬೇರೆಲ್ಲೂ ಇರಲಿಲ್ಲ.

ದಿನಾ ಸಂಜೆ ಹಚ್ಚುತ್ತಿದ್ದಳು. ದನಿ ಕಂಬಳಿ ಹೊದ್ದು ಹಾಡಿದಂತೆ ಮಂಕಾಗಿ ಬರುತ್ತಿತ್ತು. ಅಷ್ಟಕ್ಕೇ ಕಣ್ಣು ಮುಚ್ಚಿ ಕೂಡುತ್ತಿದ್ದಳು. ಆದರೂ ಮಾತು ತಿಳಿಯಬೇಕು, ಅವನ ಉಸಿರು ಕೇಳಬೇಕು ಅಂತ ಜೀವ ಎಳೆಯುತ್ತಿತ್ತು.

ಹತ್ತಿ ಬಿಡಿಸಿದ ಕೂಲಿ ಕೈಗೆ ಬಂತು. ಅದರಲ್ಲಿ ಸೆಟ್ಟಿನ ಮೂರು ಸಾಮಾನಿನಲ್ಲಿ ಒಂದನ್ನು ಬದಲಿಸಬಹುದು. ಯಾವುದು ಮೊದಲು?

ಪಕೀರಪ್ಪನ ಜತೆ ಭಜನೆಗೆ ಹೋಗುತ್ತಿದ್ದ ವೆಂಕೋಬನನ್ನು ಕೇಳಿದಳು.

“ದೊಡ್ಡ ಸ್ಪೀಕರ್ ತಗೋ ಬೇ. ಓಣಿ ತುಂಬ ಕೇಳ್ತದ.”

“ಓಣ್ಯಾಗಿನವರು ಗಂಡನ್ನ ಕಳಕೊಂಡಾರೇನು? ನನಗ ಕೇಳಬೇಕು.”

“ಹಂಗಾರ ಇದ್ದಂಗ ಇರ್ಲಿ ಬಿಡು. ಹಳೀ ಸಾಮಾನು ಕೆಣಕಬಾರ್ದು.”

ಅವಳು ಕೇಳಲಿಲ್ಲ. ಟೇಪನ್ನು ಸೆರಗಿನಲ್ಲಿ ಸುತ್ತಿ, ಮಡಿಲಲ್ಲಿಟ್ಟುಕೊಂಡು ರಾಯಚೂರಿನ ಬಸ್ಸು ಹತ್ತಿದಳು. ರೇಡಿಯೋ ರಿಪೇರಿಯ ಕನಕರಾಯ ಬಿಚ್ಚಿ ನೋಡಿದ.

“ಹೆಡ್ ಸವದದ ಯವ್ವಾ. ಕ್ಯಾಸೆಟ್ಟಿನ್ಯಾಗ ಇದ್ದದ್ದನ್ನ ಹಿಡಿಯೋದು ಇದೇ. ಸುದ್ದಿ ಕೇಳಸ್ಕೊಳ್ಳೋನೇ ಕಿವುಡ ಇದ್ರ ಡಂಗುರ ಎಷ್ಟು ದೊಡ್ಡದಿದ್ರೇನು?”

ಹೊಸ ಹೆಡ್ಡು ಹಾಕಿಸಿದಳು.

ಮನೆಗೆ ಬಂದವಳೇ ಹಚ್ಚಿದಳು. ತಾಳದ ಸದ್ದು ಕಿವಿಗೆ ಚುಚ್ಚುವಷ್ಟು ಚೊಕ್ಕ ಬಂತು. ಯಾರೋ ಕೆಮ್ಮಿದರು. ಮುಂದೆ ನಿಂತು ಹಾಡುವವನ ದನಿ ಎದ್ದಿತು. ಗೋಪಮ್ಮ ಕಣ್ಣು ತೆರೆದಳು. ಅದು ವೆಂಕೋಬನ ದನಿ.

ಹಾಡು ಕೇಳಿ ಬಂದ ವೆಂಕೋಬ ಬಾಗಿಲಲ್ಲಿ ನಿಂತಿದ್ದ. “ಅವತ್ತು ಅವನ ಗಂಟಲು ಕಟ್ಟಿತ್ತು ಗೋಪವ್ವಾ. ಅವನ ಬದ್ಲಿ ಮುಂದ ನಿಂತು ನಾ ಹಾಡೀನಿ.”

“ಇಷ್ಟು ದಿನ ಬಾಯಿಗೆ ಬೀಗ ಹಾಕಿದ್ದೇನೋ?”

“ನೀ ಕಣ್ಣು ಮುಚ್ಚಿ ಕುಂದರತಿದ್ದಿ. ಹೆಂಗ ಹೇಳ್ಲಿ?”

ಇಷ್ಟೂ ಸಂಜೆ ಪರರ ದನಿಗೆ ಅತ್ತಿದ್ದಳು. ಟೇಪು ನಿಲ್ಲಿಸಲು ಕೈ ಚಾಚಿದಳು. ಅಷ್ಟರಲ್ಲಿ ಹಿಂದೆ ಕೂತು ಹಾಡುವವರು ಪಲ್ಲವಿ ಎತ್ತಿಕೊಂಡರು. ಐದಾರು ಗಂಟಲು. ಅಂಚಿನಲ್ಲೊಂದು ಒಡಕು ದನಿ, ಎಲ್ಲರಿಗಿಂತ ಅರ್ಧ ತಾಳ ಹಿಂದೆ. ಪಕೀರಪ್ಪ ಯಾವತ್ತೂ ಹಿಂದೆಯೇ. ಜಗಳದಲ್ಲೂ ತಡವಾಗಿ ಉತ್ತರ ಕೊಡುತ್ತಿದ್ದ.

ಪಲ್ಲವಿ ಮುಗಿಯಿತು. ಟೇಪಿನಲ್ಲಿ ವೆಂಕೋಬ ಮತ್ತೆ ಶುರು ಮಾಡಿದ. ಬಾಗಿಲಲ್ಲಿದ್ದ ವೆಂಕೋಬ ಏನೋ ಹೇಳಲು ಬಾಯಿ ತೆರೆದ.

“ನೀ ಸುಮ್ನಿರು,” ಅಂದಳು. ಆಮೇಲೆ ಟೇಪಿನ ಕಡೆ ತಿರುಗಿ, “ಲಗೂ ಮುಗಸೋ ನಿನ್ನ ಹಾಡು” ಎಂದು, ಮುಂದಿನ ಪಲ್ಲವಿಗೆ ಕಿವಿಯೊಡ್ಡಿ ಕುಳಿತಳು.