ಭತ್ತ ಕಡಿಯುವ ಹಲ್ಲು

ನಮ್ಮಪ್ಪನ ಬಾಯಲ್ಲಿ ಹಲ್ಲು ಎಷ್ಟೇ ಇರಲಿ, ಕೆಲಸದ ಹಲ್ಲು ಒಂದೇ. ಬಲಗಡೆ ಕೆಳಗಿನ ದವಡೆ ಹಲ್ಲು. ಸಿರುಗುಪ್ಪದ ಅಕ್ಕಿ ಗಿರಣಿಯೊಂದರಲ್ಲಿ ಭತ್ತ ಪರೀಕ್ಷೆ ಮಾಡಿ ಖರೀದಿಸುವ ಕೆಲಸ ಅವನದು. ಟ್ರ್ಯಾಕ್ಟರ್ ಬಂದು ನಿಂತರೆ ಚೀಲದೊಳಗೆ ಮೊಣಕೈ ತನಕ ಕೈ ಇಳಿಸಿ, ತಳದಿಂದ ಹಿಡಿ ಭತ್ತ ತೆಗೆದು, ಒಂದು ಕಾಳನ್ನು ಆ ಹಲ್ಲಿಗೆ ಕೊಟ್ಟು ಕಡಿಯುತ್ತಿದ್ದ. ಕಟ್ ಎಂದು ಒಡೆದರೆ ಒಣಗಿದೆ. ಸದ್ದಿಲ್ಲದೆ ಚಪ್ಪಟೆಯಾದರೆ ಇನ್ನೂ ಹಸಿ, ಗುಡ್ಡೆ ಹಾಕಿದರೆ ಒಳಗೇ ಕಾವು ಹಿಡಿದು ಅಕ್ಕಿ ಹಳದಿ ತಿರುಗುತ್ತದೆ. ಚಿಕ್ಕವಳಿದ್ದಾಗ ಅವನ ಪಕ್ಕ ನಿಂತು ನಾನು ಆ ಸದ್ದಿಗೆ ಕಾಯುತ್ತಿದ್ದೆ. ಅಪ್ಪ ಈಗಿಲ್ಲ. ಹೊಸ ಭತ್ತದ ವಾಸನೆ ಬಂದರೆ ಸಾಕು, ಕಿವಿ ತಾನಾಗಿ ನಿಮಿರುತ್ತದೆ, ಕಣ್ಣು ತುಂಬುತ್ತದೆ.

ಗಿರಣಿಗೆ ತೇವ ಅಳೆಯುವ ಮಿಷನ್ ಬಂತು, ಅಪ್ಪನಿಗೂ ವಯಸ್ಸಾಯಿತು, ಮನೆಯಲ್ಲಿ ಕೂತ. ಕೂತ ಅನ್ನುವುದಷ್ಟೇ. ಸುಗ್ಗಿ ಬಂದರೆ ರೈತರು ಗಿರಣಿಗೆ ಗಾಡಿ ಕಟ್ಟುವ ಮೊದಲು ನಮ್ಮ ಮನೆಯ ಕಟ್ಟೆಗೆ ಬಂದು ಟವಲಿನ ತುದಿಯಲ್ಲಿ ಕಟ್ಟಿಕೊಂಡ ಭತ್ತ ಬಿಚ್ಚುತ್ತಿದ್ದರು. ಹಸಿಯೆಂದು ಮಿಷನ್ ವಾಪಸ್ ಕಳಿಸುವುದಕ್ಕಿಂತ ಅಪ್ಪ ಹೇಳಿದರೆ ಚೆಂದ ಎಂದು ಅವರ ಲೆಕ್ಕ. ಅಪ್ಪ ಕಡಿದು ಹೇಳಿ, ಚಹಾ ಕುಡಿಸಿ ಕಳಿಸುತ್ತಿದ್ದ. ಇಡೀ ವರ್ಷ ಅವನು ಜೀವ ಹಿಡಿದುಕೊಂಡು ಇರುತ್ತಿದ್ದದ್ದೇ ಆ ದಿನಗಳಿಗಾಗಿ.

ಅಂಥ ಹಲ್ಲು ಒಡೆದದ್ದು ಭತ್ತದಿಂದಲ್ಲ, ಹುರಿಗಡಲೆಯಿಂದ. ಅಪ್ಪನಿಗೆ ನೋವಿಗಿಂತ ಅದೇ ದೊಡ್ಡ ಅವಮಾನ. ಊರಿನವರಿಗೆ ಕಲ್ಲು ಕಡಿದೆ ಎಂದೇ ಹೇಳಿಕೊಂಡು ತಿರುಗಿದ. ನಾನು ಬಳ್ಳಾರಿಗೆ ಕರೆಸಿಕೊಂಡು, ಅಲ್ಲಿ ಗಾಂಧಿನಗರದಲ್ಲಿ ನಾನಿರುವ ಮನೆಗೆ ಹತ್ತಿರವೇ ಇದ್ದ ಹಲ್ಲಿನ ಡಾಕ್ಟರಮ್ಮನ ಕುರ್ಚಿಯಲ್ಲಿ ಕೂರಿಸಿದೆ. ಆಕೆ ಬೇರಿನ ನರ ತೆಗೆದು, ಹಲ್ಲನ್ನು ಸುತ್ತ ಸವೆಸಿ, ಮೆತ್ತನೆಯ ಹಿಟ್ಟು ಕಡಿಸಿ ಅಚ್ಚು ತೆಗೆದುಕೊಂಡಳು. ಪಕ್ಕಾ ಕ್ಯಾಪ್ ಬರುವ ತನಕ ತಾತ್ಕಾಲಿಕದ್ದೊಂದು ಕೂರಿಸಿ, ಆ ಕಡೆ ಗಟ್ಟಿಯದ್ದು, ಅಂಟಿನದ್ದು ಏನೂ ಕಡಿಯಬಾರದೆಂದು ಹೇಳಿ ಕಳಿಸಿದಳು. ಅಪ್ಪ ವಿಧೇಯನಾಗಿ ತಲೆಯಾಡಿಸಿದ. ಆ ತಲೆಯಾಡಿಸುವಿಕೆ ನನಗೆ ಚೆನ್ನಾಗಿ ಗೊತ್ತು. ನಮ್ಮವ್ವ ಜೀವನವಿಡೀ ಅದನ್ನು ನೋಡಿಯೇ ಸುಸ್ತಾಗಿದ್ದಳು.

ಊರಿಗೆ ಹೋದವನೇ ಗಿರಣಿಯ ಕಣಕ್ಕೆ ಹೋಗಿ, ಒಣಹಾಕಿದ್ದ ಭತ್ತದಿಂದ ಒಂದು ಕಾಳು ತೆಗೆದು ಕಡಿದಿದ್ದಾನೆ. ಕಾಳು ಉಗಿದಾಗ ಕ್ಯಾಪೂ ಅದರ ಜೊತೆ ಹೋಗಿದೆ. ಹಮಾಲರೆಲ್ಲ ಸೇರಿ ಮೊರದಲ್ಲಿ ಭತ್ತ ಕೇರಿ ಕೇರಿ ಹುಡುಕಿದರೂ ಸಿಗಲಿಲ್ಲ. ಆ ವರ್ಷ ಯಾರ ಮನೆಯ ಅನ್ನದಲ್ಲಿ ನಮ್ಮಪ್ಪನ ಹಲ್ಲು ಬೆಂದಿತೋ ಎಂದು ಮನೆಯಲ್ಲಿ ಎಲ್ಲರೂ ಹೊಟ್ಟೆ ಹಿಡಿದು ನಕ್ಕೆವು. ಡಾಕ್ಟರಮ್ಮ ನಗಲಿಲ್ಲ.

ಪಕ್ಕಾ ಕ್ಯಾಪ್ ಕೂರಿಸುವ ದಿನ ಆಕೆ ತೆಳ್ಳನೆಯ ನೀಲಿ ಕಾಗದ ಕಡಿಸಿ, ಬಣ್ಣ ಹತ್ತಿದ ಕಡೆ ಉಜ್ಜುತ್ತ ಎತ್ತರ ಸರಿಮಾಡಿದಳು. ಅಪ್ಪ ಬಿಡಲೊಲ್ಲ. ಇನ್ನೂ ನುಚ್ಚಿನಷ್ಟು ಎತ್ತರ ಐತಿ ಅನ್ನುತ್ತಾನೆ, ಆಕೆ ಮತ್ತೆ ಉಜ್ಜುತ್ತಾಳೆ. ಕಡೆಗೆ ಕೂತಿತು. ಕ್ಯಾಪಿನ ಬುಡದಲ್ಲಿ ಒಸಡಿಗೆ ಹೊಲಸು ಕೂಡಬಾರದೆಂದು ಬ್ರಷ್ ಹಿಡಿಯುವುದನ್ನೂ, ಹಲ್ಲುಸಂದಿಗೆ ದಾರ ಆಡಿಸುವುದನ್ನೂ ಕಲಿಸಿದಳು. ಆಮೇಲೆ ಮುಖ ನೋಡಿ ಹೇಳಿದಳು:

“ತಾತಾ, ಭತ್ತ ಮಾತ್ರ ಕಡೀಬ್ಯಾಡ್ರಿ. ಕ್ಯಾಪ್ ಸೀಳಿದ್ರ ಒಳಗಿನ ಹಲ್ಲೂ ಉಳಿಯಂಗಿಲ್ಲ.”

ಅಪ್ಪ ಈ ಸಲ ತಲೆಯಾಡಿಸಲಿಲ್ಲ. ಮಾತು ಒಳಗೆ ನಾಟಿದೆ ಎಂದು ಅದರಿಂದಲೇ ಗೊತ್ತಾಗಿ ನನಗೆ ಭಯವಾಯಿತು. ಊರಲ್ಲಿ ಊಟವಾದ ಮೇಲೆ ನಲ್ಲಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು, ಚೀಲ ಹೊಲಿಯುವವನ ಶ್ರದ್ಧೆಯಿಂದ ಹಲ್ಲಿಗೆ ದಾರ ಆಡಿಸುತ್ತಿದ್ದ. ಕಾಳನ್ನು ಬಾಯಿಗೆ ಇಡಲಿಲ್ಲ. ಎಡಗಡೆ ಹಲ್ಲು ಹಿಂದೆಯೇ ಉದುರಿದ್ದವು. ಸುಗ್ಗಿ ಬಂತು, ಟವಲು ಬಿಚ್ಚಿದವರಿಗೆ ಹಲ್ಲು ಸರಿಯಿಲ್ಲ ಎನ್ನಲಾಗದೆ ಅವನು ಒಳಗೆ ಮಲಗಿಬಿಡುತ್ತಿದ್ದ. ಊರಿಗೆ ಬಂದಿದ್ದ ನಾನು ರೇಗಿದೆ. ಬೆರಳಲ್ಲಿ ಒತ್ತಿ ನೋಡಿ ಹೇಳು, ಇಲ್ಲ ಮಿಷನ್‌ಗೆ ಹೋಗು ಅನ್ನು, ಹೀಗೆ ಗೋಡೆ ಕಡೆ ಮುಖ ಮಾಡಿ ಮಲಗಬೇಡ ಎಂದೆ. ಅಪ್ಪ ಎದ್ದು ಕೂತು, ನನ್ನ ಅಂಗೈಗೆ ಒಂದು ಕಾಳು ಇಟ್ಟು, ನೀನೇ ಕಡಿ ಅಂದ. ಕಡಿಯುವಾಗ ನನ್ನ ಕೆನ್ನೆಗೆ ಕಿವಿ ತಂದ. ಸದ್ದು ಕೇಳಿ, ಒಣಗಿದೆ ಎಂದು ಹೊರಗೆ ಕೂಗಿ ಹೇಳಿದ.

ಹಾಗೆ ಶುರುವಾಯಿತು. ಭಾನುವಾರ ನಾನು ಬಳ್ಳಾರಿಯಿಂದ ಬಂದು ಬಸ್ಸಿಳಿಯುವುದನ್ನೇ ರೈತರು ಕಾಯುತ್ತಿದ್ದರು. ನನ್ನ ಹಲ್ಲು, ಅವನ ಕಿವಿ. ಕಟ್ಟೆಯ ಮೇಲೆ ಮತ್ತೆ ಚಹಾ ಬಂತು. ಅಪ್ಪನ ಮುಖಕ್ಕೆ ಕಳೆ ಬಂತು. ನನಗೆ ಅಷ್ಟು ಸಾಕಾಗಿತ್ತು.

ಆಮೇಲೊಂದು ಸುಗ್ಗಿಗೆ ಕುರುಗೋಡಿನಿಂದ ನನ್ನ ಸೋದರಮಾವ ಭತ್ತ ಹಿಡಿದು ಬಂದ. ಬೀದಿಯಲ್ಲಿ ಲಾರಿಯೊಂದು ಕಟಕಟ ಸದ್ದು ಮಾಡುತ್ತ ಹೋಗುತ್ತಿತ್ತು. ನಾನು ಕಡಿದೆ. ಕಾಳು ಹಲ್ಲಿನಡಿ ಮೆತ್ತಗೆ ಕೂತಿತು, ಸದ್ದೇ ಬರಲಿಲ್ಲ. ಅಪ್ಪ ಕೆನ್ನೆಯಿಂದ ಕಿವಿ ತೆಗೆದು, ಒಣಗಿದೆ, ಚೀಲ ತುಂಬು ಎಂದು ಮಾವನಿಗೆ ಹೇಳಿದ. ಭತ್ತದ ವಿಷಯದಲ್ಲಿ ಅಪ್ಪನ ಮಾತಿಗೆ ನಮ್ಮ ಮನೆಯಲ್ಲಿ ಯಾರೂ ಎದುರು ಹೇಳಿದವರಲ್ಲ. ಮಾವನ ಒಂದು ಬೆಳೆ ಅದು, ವರ್ಷದ ದುಡಿಮೆ.

“ಇಲ್ಲಪ್ಪ,” ಅಂದೆ. “ಇನ್ನೂ ಹಸಿ ಐತಿ.”

ಮಾವ ನೆಲ ನೋಡಿದ. ಅಪ್ಪ ಮಾವನ ಕಡೆ ತಿರುಗಿ, ಆಕಿ ಹೇಳಿದಂಗ ಮಾಡು, ಇನ್ನೊಂದು ಬಿಸಲಿಗೆ ಹಾಕು ಅಂದ. ದನಿಯಲ್ಲಿ ಸಿಟ್ಟಿರಲಿಲ್ಲ.

ಮಾವ ಹೋದ ಮೇಲೆ ನನ್ನನ್ನು ಬಿಸಿಲಿಗೆ ಕರೆದು, ಗದ್ದ ಹಿಡಿದು ಬಾಯಿ ತೆರೆಸಿದ. ಮೊಮ್ಮಕ್ಕಳನ್ನು ಕಂಡವಳು ನಾನು, ಬೀದಿಗೆ ಕಾಣುವಂತೆ ಕಟ್ಟೆಯ ಮೇಲೆ ಬಾಯಿ ಕಳೆದು ಕೂತೆ. ಅಪ್ಪ ದವಡೆಯ ತನಕ ಬಗ್ಗಿ ಬಗ್ಗಿ ನೋಡಿದ.

“ಇವನ್ನ ಜ್ವಾಪಾನ ಮಾಡವ್ವ,” ಅಂದ. “ನನ್ನಂಗ ಕಳಕೋಬ್ಯಾಡ.”

ಮುಂದಿನ ಭಾನುವಾರ ಬಂದವರನ್ನೆಲ್ಲ ಅವನೇ ನನ್ನ ಮುಂದೆ ಕೂರಿಸಿದ. ನಾನು ಕಡಿದೆ. ಅಪ್ಪ ಕೂತಲ್ಲಿಂದ ಏಳಲಿಲ್ಲ, ಕಿವಿಯನ್ನೂ ಹತ್ತಿರ ತರಲಿಲ್ಲ. ನಾನು ಏನು ಹೇಳುತ್ತೇನೆ ಎಂದು ಬಂದವರ ಹಾಗೆಯೇ ಕಾಯುತ್ತ ಕೂತಿದ್ದ.